ಕಲ್ಲಿನ ಸೀಮೆಯಲ್ಲಿ ಮನೆ ಕಟ್ಟುವಾಗ: ಗೋಡೆಯ ಆಯ್ಕೆ, ಅಂತರ್ಜಾಲದ ಆಯ್ಕೆ

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳ್ಳಿಯೊಂದರಲ್ಲಿ ಹೊಸ ಮನೆ ಏಳುವಾಗ ಅಂಗಳಕ್ಕೆ ಮೊದಲು ಬಂದಿಳಿಯುವುದು ಸಿಮೆಂಟಿನ ಚೀಲ. ಅದು ಎಲ್ಲಿಂದ ಬಂತೆಂದು ಕೇಳುವವರು ವಿರಳ. ಚೀಲದ ಮಗ್ಗುಲನ್ನು ಓದಿದರೆ ಅನೇಕ ವೇಳೆ ವಾಡಿ, ಸೇಡಂ ಅಥವಾ ಮಳಖೇಡದ ಹೆಸರು ಕಾಣುತ್ತದೆ. ಮನೆಯೊಳಗೆ ಹಾಸುವ ನೀಲಿಬೂದು ಬಣ್ಣದ ಚಪ್ಪಡಿಗಂತೂ ಶಹಾಬಾದ್ ಎಂಬ ಊರಿನ ಹೆಸರೇ ಹೆಸರು. ಹೀಗೆ ಘಟ್ಟದ ಮೇಲಿನ ಮನೆಗಳಿಗೂ ಕಲಬುರಗಿ ಜಿಲ್ಲೆಯ ನೆಲಕ್ಕೂ ಯಾರೂ ಲೆಕ್ಕವಿಡದ ಒಂದು ನಂಟಿದೆ. ಇಲ್ಲಿ ಸಹ್ಯಾದ್ರಿ ಉಳಿಯಲೆಂದು ಹೋರಾಡುವವರು, ತಮ್ಮ ಮನೆಗಾಗಿ ಬೇರೊಂದು ಸೀಮೆಯ ಭೂಮಿ ಪದರ ಪದರವಾಗಿ ಮೇಲೇಳುತ್ತಿರುವುದನ್ನೂ ಅರಿಯಬೇಕಾಗುತ್ತದೆ. ಆ ಸೀಮೆಯ ಜನ ತಮ್ಮ ಮನೆಯನ್ನು ಹೇಗೆ ಕಟ್ಟಿಕೊಳ್ಳುತ್ತಾರೆ, ಹೇಗೆ ಕಟ್ಟಿಕೊಂಡರೆ ಒಳಿತು ಎಂಬುದು ಇಂದಿನ ವಿಷಯ. ಅದರೊಂದಿಗೆ ಅಂತರ್ಜಾಲದ ಮಾತೂ ಬರುತ್ತದೆ. ಇವೆರಡಕ್ಕೆ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧ ಗೋಡೆಯ ದಪ್ಪದಲ್ಲಿಯೇ ಇದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಪ್ರದೇಶಗಳ ಅಡಿಯಲ್ಲಿರುವುದು ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಸುಣ್ಣಕಲ್ಲು. ಪ್ರಾಚೀನ ಸಮುದ್ರದ ತಳದಲ್ಲಿ ಒಂದರ ಮೇಲೊಂದು ಕುಳಿತ ಕೆಸರಿನ ಪದರಗಳು ಗಟ್ಟಿಯಾಗಿ ಆದ ಕಲ್ಲು ಇದು. ಆದುದರಿಂದಲೇ ಉಳಿ ಹಾಕಿದರೆ ಪುಸ್ತಕದ ಹಾಳೆಗಳಂತೆ ಬಿಡಿಸಿಕೊಳ್ಳುತ್ತದೆ. ಊರಿನ ಮಾತಿನಲ್ಲಿ ಇದು ಫರ್ಸಿ. ಈ ಕಲ್ಲಿನ ಗುಣವನ್ನು ಬಲ್ಲವರು ಇಂದಿನವರಷ್ಟೇ ಅಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಬೆಳಕಿಗೆ ಬಂದ ಬೌದ್ಧ ಸ್ತೂಪದ ಶಿಲ್ಪಗಳೆಲ್ಲ ಸುಣ್ಣಕಲ್ಲಿನ ಹಲಗೆಗಳ ಮೇಲೆ ಕೆತ್ತಿದವು. 'ರಾಯೋ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಶಿಲ್ಪ ಇರುವುದು ಅಂತಹ ಒಂದು ಹಲಗೆಯ ಮೇಲೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡದ ಕೋಟೆ ಕಾಗಿಣಾ ನದಿಯ ದಂಡೆಯಲ್ಲಿ ಇನ್ನೂ ನಿಂತಿದೆ.

ಚಿಂಚೋಳಿಗೆ ಬಂದರೆ ನೆಲ ಬದಲಾಗುತ್ತದೆ. ಅಲ್ಲಿ ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳಿವೆ, ಗುಡ್ಡಗಳಿವೆ, ಕುರುಚಲು ಮತ್ತು ಎಲೆಯುದುರುವ ಕಾಡಿದೆ. 2011ರಲ್ಲಿ ಆ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಬಯಲುಸೀಮೆಯ ನಡುವೆ ಮಲೆನಾಡಿನ ತುಣುಕೊಂದು ಉಳಿದಂತಿರುವ ಈ ಜಾಗವನ್ನು ಇಲ್ಲಿನ ವಿದ್ಯಾರ್ಥಿಗಳು ಒಮ್ಮೆ ಕಾಣಬೇಕು.

ಇನ್ನು ಮನೆಯ ವಿಷಯ. ಈ ಸೀಮೆಯ ಹಳೆಯ ಮನೆ ಮಾಳಿಗೆ ಮನೆ. ಎರಡು, ಕೆಲವೆಡೆ ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಮೇಲೆ ಮರದ ತೊಲೆ, ಜಂತಿ. ಅದರ ಮೇಲೆ ಫರ್ಸಿ ಅಥವಾ ಕಟ್ಟಿಗೆಯ ಹಾಸು. ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದೆ. ನಡುವೆ ಒಂದು ಬೆಳಕಿಂಡಿ. ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಸಾಮಾನ್ಯವಾಗಿರುವ ಊರುಗಳಲ್ಲಿ ಈ ಮನೆ ಹೊಕ್ಕವರಿಗೆ ತಂಪು ಏಕೆಂದು ವಿವರಿಸಬೇಕಾಗಿಲ್ಲ. ಆದರೂ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ದಪ್ಪ ಗೋಡೆ ಬಿಸಿಲಿನ ಕಾವನ್ನು ತಡೆದು ನಿಲ್ಲಿಸುವುದಿಲ್ಲ, ತಡಮಾಡಿಸುತ್ತದೆ. ಒಂದೂವರೆ ಅಡಿಯ ಕಲ್ಲು ಅಥವಾ ಮಣ್ಣಿನ ಗೋಡೆಯನ್ನು ದಾಟಿ ಕಾವು ಒಳಗೆ ಬರಲು ಸುಮಾರು ಹತ್ತು ಹನ್ನೆರಡು ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ, ಕಿಟಕಿ ತೆರೆದರೆ ಗಾಳಿ ಅದನ್ನು ಒಯ್ಯುತ್ತದೆ. ನಾಲ್ಕು ಅಂಗುಲದ ಕಾಂಕ್ರೀಟ್ ತಾರಸಿಗೆ ಮೂರು ಗಂಟೆ ಸಾಕು. ಮಧ್ಯಾಹ್ನ ಒಂದು ಗಂಟೆಯ ಬಿಸಿಲು ಸಂಜೆ ನಾಲ್ಕಕ್ಕೆ ತಲೆಯ ಮೇಲೆ ಇಳಿಯುತ್ತದೆ. ತಗಡಿನ ಸೂರಾದರೆ ಅಷ್ಟೂ ತಡವಿಲ್ಲ.

ಹಾಗಿದ್ದರೆ ಹಳೆಯ ಮಾಳಿಗೆ ಮನೆಗೇ ಮರಳೋಣವೆಂದು ಪರಿಸರಪ್ರಿಯರು ಒಮ್ಮೆಲೇ ಹೇಳಿಬಿಡುತ್ತಾರೆ. ಈ ಮಾತನ್ನು ಆ ಸೀಮೆಯ ಜನರ ಮುಂದೆ ಆಡುವ ಮೊದಲು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವವನ್ನು ನೆನೆಯಬೇಕು. ಚಿಂಚೋಳಿಯಿಂದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರದ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಕಂಪನದ ಪ್ರಮಾಣ ಸುಮಾರು 6.2. ಜಗತ್ತಿನ ಲೆಕ್ಕದಲ್ಲಿ ಇದು ಮಹಾಕಂಪನವೇನಲ್ಲ. ಆದರೂ ಎಂಟು ಸಾವಿರದಿಂದ ಹತ್ತು ಸಾವಿರದವರೆಗೆ ಜನ ಸತ್ತರು, ನಿದ್ರೆಯಲ್ಲಿಯೇ, ತಮ್ಮ ಮನೆಗಳ ಕೆಳಗೆಯೇ. ಅವು ಇಂತಹುದೇ ಮನೆಗಳು. ದಪ್ಪ ಗೋಡೆಯೆಂದರೆ ಹೊರಗೊಂದು ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಸಾಲುಗಳನ್ನು ಹಿಡಿದಿಡುವ ಅಡ್ಡಗಲ್ಲು ಇರಲಿಲ್ಲ. ನೆಲ ಅದುರಿದೊಡನೆ ಸಾಲುಗಳು ಬೇರೆ ಬೇರೆಯಾಗಿ ಉಬ್ಬಿ ಕುಸಿದವು. ಮಾಳಿಗೆಯ ಮಣ್ಣು ಅವುಗಳ ಮೇಲೆ ಬಿತ್ತು. ಸೋರದಿರಲೆಂದು ಮಳೆಗಾಲಕ್ಕೆ ಮುನ್ನ ಮೇಲ್ಮುದ್ದೆಗೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜನ ಕಾಲದಲ್ಲಿ ಅರ್ಧ ಅಡಿಯಿದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಎರಡು ಅಡಿಯಾಗಿರುತ್ತದೆ. ತಂಪು ಹೆಚ್ಚಿದೆಯೆಂದು ಮನೆಯವರು ಸಂತೋಷಪಡುತ್ತಾರೆ; ತೊಲೆಯ ಮೇಲಿನ ಭಾರ ಕಾಣುವುದಿಲ್ಲ.

ಇದು ಮುಗಿದುಹೋದ ಕಥೆಯೆನ್ನುವಂತಿಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲ ಮತ್ತೆ ಮತ್ತೆ ಕಂಪಿಸಿತು. ಅವುಗಳಲ್ಲಿ ದೊಡ್ಡದು 4.1ರ ಪ್ರಮಾಣದ್ದು. ಜನ ಮನೆಯೊಳಗೆ ಮಲಗಲು ಅಂಜಿ ಬಯಲಿನಲ್ಲಿ ರಾತ್ರಿ ಕಳೆದರು, ಅನೇಕರು ಊರನ್ನೇ ಬಿಟ್ಟು ನೆಂಟರ ಮನೆ ಸೇರಿದರು. ಮಳೆಯ ನೀರು ಸುಣ್ಣಕಲ್ಲಿನ ಸಂದುಗಳಿಗೆ ಇಳಿದು ಒತ್ತಡ ಬದಲಾಗುವುದರಿಂದ ಹೀಗಾಗುತ್ತದೆ ಎಂಬುದು ತಜ್ಞರು ಕೊಟ್ಟ ವಿವರಣೆಗಳಲ್ಲೊಂದು. ಕಾರಣ ಏನೇ ಇರಲಿ, ಅಲ್ಲಿನ ತಾಯಂದಿರ ಮುಂದೆ ನಿಂತು ಸಿಮೆಂಟ್ ಬೇಡ, ಅಜ್ಜನಂತೆ ಮಣ್ಣಿನಲ್ಲಿ ಕಟ್ಟಿರಿ ಎಂದು ಬರಿದೇ ಉಪದೇಶಿಸುವುದು ಅವಿವೇಕ. ನೈಸರ್ಗಿಕ ನಿರ್ಮಾಣವೆಂದರೆ ಹಳೆಯದರ ನಕಲು ಅಲ್ಲ. ಹಳೆಯದು ಎಲ್ಲಿ ಸೋತಿತೆಂದು ತಿಳಿದು ಕಟ್ಟುವುದು.

ಸೋಲಿಗೆ ಪರಿಹಾರ ದುಬಾರಿಯದಲ್ಲ. ಭಾರತೀಯ ಮಾನಕ ಸಂಸ್ಥೆ 1993ರಲ್ಲಿಯೇ ಮಣ್ಣಿನ ಮನೆಗಳಿಗಾಗಿ ಐ.ಎಸ್. 13827, ಕಲ್ಲು ಮತ್ತಿತರ ಕಡಿಮೆ ಬಲದ ಗೋಡೆಗಳಿಗಾಗಿ ಐ.ಎಸ್. 13828 ಎಂಬ ಮಾರ್ಗಸೂಚಿಗಳನ್ನು ಹೊರತಂದಿತು. ಅದರ ಸಾರವನ್ನು ಯಾವ ಮೇಸ್ತ್ರಿಯೂ ಅರ್ಥಮಾಡಿಕೊಳ್ಳಬಲ್ಲ. ಕಲ್ಲಿನ ಗೋಡೆ ಒಂದೂವರೆ ಅಡಿಗಿಂತ ದಪ್ಪವಿರಬಾರದು. ಎತ್ತರದಲ್ಲಿ ಎರಡು ಅಡಿಗೊಮ್ಮೆ, ಉದ್ದದಲ್ಲಿ ನಾಲ್ಕು ಅಡಿಗೊಂದರಂತೆ ಗೋಡೆಯ ಅಗಲಕ್ಕೂ ಹಾಯುವ ಅಡ್ಡಗಲ್ಲು ಇರಬೇಕು. ಪದರವಾಗಿ ಬಿಡಿಸಿಕೊಳ್ಳುವ ಫರ್ಸಿಯ ಸೀಮೆಯಲ್ಲಿ ಇಂತಹ ಉದ್ದನೆಯ ಕಲ್ಲಿಗೇನು ಬರ? ಮೂಲೆಗಳಲ್ಲಿ ಗೋಡೆಗಳು ಒಂದರೊಳಗೊಂದು ಹೆಣೆದುಕೊಂಡಿರಬೇಕು. ಬಾಗಿಲು ಕಿಟಕಿಗಳ ಮೇಲೆ, ಸೂರಿನ ಕೆಳಗೆ ಇಡೀ ಮನೆಯನ್ನು ಸುತ್ತುವರಿಯುವ ಪಟ್ಟಿ ಇರಬೇಕು. ಪೆಟ್ಟಿಗೆಗೆ ಹಗ್ಗ ಬಿಗಿದಂತೆ ಅದು ಗೋಡೆಗಳನ್ನು ಹಿಡಿದಿಡುತ್ತದೆ. ಮರದ ಪಟ್ಟಿಯೂ ಆದೀತು, ಕಬ್ಬಿಣ ಸೇರಿದ ತೆಳು ಕಾಂಕ್ರೀಟ್ ಪಟ್ಟಿಯೂ ಆದೀತು. ಮರ ಸಿಗದ ಬಯಲಿನಲ್ಲಿ ಕಾಂಕ್ರೀಟೇ ಸರಿ. ನಾಲ್ಕಾರು ಚೀಲ ಸಿಮೆಂಟ್ ಜೀವ ಉಳಿಸುವ ಜಾಗದಲ್ಲಿ ಬಳಕೆಯಾದರೆ ಯಾವ ಪರಿಸರವಾದಿಯೂ ಆಕ್ಷೇಪಿಸಬಾರದು. ಆಕ್ಷೇಪಿಸಬೇಕಾದುದು ಅದನ್ನು ಗೋಡೆಯಿಂದ ಅಂಗಳದವರೆಗೆ ಎಲ್ಲೆಡೆ ಸುರಿಯುವ ಅಭ್ಯಾಸವನ್ನು.

ಸಿಮೆಂಟಿನ ಬೆಲೆಯನ್ನು ರೂಪಾಯಿಯಲ್ಲಷ್ಟೇ ಎಣಿಸಿದರೆ ಸಾಲದು. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈ ಆಕ್ಸೈಡಾಗಿ ಆಕಾಶ ಸೇರುತ್ತದೆ. ಇದು ಕಲ್ಲಿನೊಳಗಿನದೇ, ಸುಡಲು ಬಳಸಿದ ಕಲ್ಲಿದ್ದಲಿನ ಹೊಗೆ ಬೇರೆ. ಸುಣ್ಣಕ್ಕೆ ಸುಮಾರು 900 ಡಿಗ್ರಿ ಕಾವು ಸಾಕಾದರೆ ಸಿಮೆಂಟಿಗೆ 1450 ಡಿಗ್ರಿ ಬೇಕು. ಗಾರೆಗೆ ಹಾಕಿದ ಸುಣ್ಣ ಗಟ್ಟಿಯಾಗುವಾಗ ಗಾಳಿಯಿಂದ ಅದೇ ಅನಿಲವನ್ನು ಮರಳಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗಿಲಾವಿಗೂ ತಾರಸಿಯ ಮೇಲ್ಪದರಕ್ಕೂ ಸುಣ್ಣ ಸಾಕಾಗುವ ಕಡೆ ಸಿಮೆಂಟ್ ಏಕೆ?

ಗೋಡೆಗೆ ಇನ್ನೊಂದು ದಾರಿ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಪ್ರೊ. ಕೆ.ಎಸ್. ಜಗದೀಶ್ ಮತ್ತವರ ಸಹೋದ್ಯೋಗಿಗಳ ಶ್ರಮದಿಂದ ಇದನ್ನು ಕರ್ನಾಟಕಕ್ಕೆ ಒಗ್ಗಿಸಿತು. ಸುಡುವ ಕೆಲಸವಿಲ್ಲ, ಆದುದರಿಂದ ಸೌದೆಯೂ ಬೇಡ. ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ಒದ್ದೆಯಾಗಿ ಇರಿಸಿದರೆ ಇಟ್ಟಿಗೆ ಸಿದ್ಧ. ಇಲ್ಲೊಂದು ಎಚ್ಚರಿಕೆ ಬೇಕು. ಸೇಡಂ, ಚಿತ್ತಾಪುರದ ಎರೆಮಣ್ಣನ್ನು ಹಾಗೆಯೇ ಒತ್ತಿದರೆ ಇಟ್ಟಿಗೆ ಬಿರಿಯುತ್ತದೆ. ತೊಗರಿಗೆ ಒಳ್ಳೆಯದಾದ ಮಣ್ಣು ಗೋಡೆಗೂ ಒಳ್ಳೆಯದೆಂದಿಲ್ಲ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವುದನ್ನು ಅಲ್ಲಿನವರು ಬಲ್ಲರು. ಇಟ್ಟಿಗೆಗೆ ಬೇಕಾದುದು ಮೂರರಲ್ಲಿ ಎರಡು ಪಾಲು ಮರಳಿರುವ ಮಣ್ಣು. ಚಿಂಚೋಳಿಯ ಕೆಂಪುಮಣ್ಣು ಇದಕ್ಕೆ ಹತ್ತಿರ. ಉಳಿದೆಡೆ ಗರಸು ಮತ್ತು ಕಲ್ಲುಗಣಿಯ ಪುಡಿಯನ್ನು ಸೇರಿಸಿ ಹದಮಾಡಬೇಕು. ಎರೆಯ ಅಂಶ ಸ್ವಲ್ಪ ಉಳಿಯುವುದಾದರೆ ಸಿಮೆಂಟಿಗಿಂತ ಸುಣ್ಣವೇ ಅದನ್ನು ಪಳಗಿಸುತ್ತದೆ. ಗಾಜಿನ ಶೀಶೆಯಲ್ಲಿ ಮಣ್ಣು, ನೀರು ಕುಲುಕಿ ಇಟ್ಟು ಮರಳು ಎಷ್ಟು, ಜೇಡಿ ಎಷ್ಟು ಎಂದು ಅಳೆಯುವುದು ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಪ್ರಯೋಗ. ತಳಪಾಯವಂತೂ ಎರೆಯನ್ನು ದಾಟಿ ಗರಸು ಅಥವಾ ಕಲ್ಲು ಸಿಗುವವರೆಗೆ ಇಳಿಯಲೇಬೇಕು. ನದಿಯ ದಂಡೆಯ ಊರುಗಳಲ್ಲಿ ಜಗಲಿಯ ಎತ್ತರವನ್ನು 2020ರ ಅಕ್ಟೋಬರಿನ ಪ್ರವಾಹದ ಗುರುತು ನೋಡಿ ನಿರ್ಧರಿಸುವುದು ಜಾಣತನ.

ಮಾಳಿಗೆಗೆ ಏನು? ಮಣ್ಣಿನ ಬದಲು ಕಿರಿದಾದ ಕಾಂಕ್ರೀಟ್ ತೊಲೆಗಳ ಮೇಲೆ ಫರ್ಸಿ ಹಾಸಿ, ಸೂರಿನ ಪಟ್ಟಿಗೆ ಬಿಗಿದು, ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ತೆಳುಪದರ ಕೊಟ್ಟು, ಪ್ರತಿ ಬೇಸಿಗೆಗೂ ಬಿಳಿ ಸುಣ್ಣ ಬಳಿದರೆ ಭಾರವೂ ಕಡಿಮೆ, ಕಾವೂ ಕಡಿಮೆ. ಬೆಳಕಿಂಡಿಯನ್ನು ಬಿಡಬಾರದು.

ಈ ಆಯ್ಕೆಯ ಪ್ರಶ್ನೆ ಈಗ ಏಕೆ ತುರ್ತಾಗಿದೆಯೆಂದರೆ, 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಮಂತ್ರಿಗಳು ತಾಂಡಾಗಳ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಇದರ ವ್ಯಾಪ್ತಿಯಲ್ಲಿದ್ದವು. ತಲೆಮಾರುಗಳಿಂದ ಬೇರೆಯವರ ನೆಲವೆಂಬಂತೆ ಬದುಕಿದ ಲಂಬಾಣಿ ಜನರಿಗೆ ಮನೆಯ ಜಾಗ ಕಾಗದದ ಮೇಲೂ ತಮ್ಮದಾಯಿತು. ಹಕ್ಕಿಲ್ಲದ ನೆಲದಲ್ಲಿ ಯಾರೂ ಗಟ್ಟಿ ಮನೆ ಕಟ್ಟುವುದಿಲ್ಲ. ಹಕ್ಕು ಬಂದ ಮೇಲೆ ಮೊದಲ ಆಸೆಯೇ ಅದು. ಜೀವಮಾನದಲ್ಲಿ ಒಮ್ಮೆ ಕಟ್ಟುವ ಆ ಮನೆ ಕಾಯುವ ಪೆಟ್ಟಿಗೆಯಾಗುವುದೋ, ಬಾಳುವ ಮನೆಯಾಗುವುದೋ?

ಪ್ರಧಾನಮಂತ್ರಿ ಆವಾಸ್ ಯೋಜನೆಯು 2016ರಲ್ಲಿ ಗ್ರಾಮೀಣ ಭಾಗಕ್ಕೆ ಬಂದಾಗ ಕನಿಷ್ಠ 25 ಚದರ ಮೀಟರ್ ಮನೆ ಮತ್ತು ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ನೆರವನ್ನು ಗೊತ್ತುಮಾಡಿತು. ಹಣ ಕಂತುಗಳಲ್ಲಿ ಬರುತ್ತದೆ. ತಳಪಾಯ, ಗೋಡೆ, ಸೂರು ಎಂದು ಹಂತಹಂತವಾಗಿ ಮನೆಯ ಛಾಯಾಚಿತ್ರವನ್ನು ಸ್ಥಳದ ಗುರುತಿನೊಂದಿಗೆ ಮೊಬೈಲಿನಿಂದ ಕಳುಹಿಸಬೇಕು. ಇದರಿಂದ ಎರಡು ಪರಿಣಾಮಗಳಾಗುತ್ತವೆ. ನಾಲ್ಕು ವಾರ ಒದ್ದೆ ಇಟ್ಟಿಗೆ ಕಾಯುವ ತಾಳ್ಮೆ ಕಂತಿನ ಆತುರದ ಮುಂದೆ ನಿಲ್ಲುವುದಿಲ್ಲ. ಮೂರು ದಿನಕ್ಕೆ ಗೋಡೆ ಏರಿಸುವ ಗುತ್ತಿಗೆದಾರನೇ ಗೆಲ್ಲುತ್ತಾನೆ. ಆದುದರಿಂದ ಮಂಜೂರಾತಿಗೆ ಕಾಯುವ ತಿಂಗಳುಗಳಲ್ಲಿಯೇ ಹತ್ತು ಮನೆಗಳವರು ಸೇರಿ ಇಟ್ಟಿಗೆ ಒತ್ತಿಡುವುದು ಒಳ್ಳೆಯದು. ಎರಡನೆಯದು, ಅಂತರ್ಜಾಲವಿಲ್ಲದೆ ಇಂದು ಮನೆಯೇ ಮೇಲೇಳುವುದಿಲ್ಲ.

ಮನೆಯಷ್ಟೇ ಅಲ್ಲ. 'ಭೂಮಿ' ಯೋಜನೆಯಲ್ಲಿ ಪಹಣಿ ಗಣಕೀಕೃತವಾಗಿ ಎರಡು ದಶಕಗಳು ಕಳೆದಿವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯನ್ನು ಬೆಂಬಲ ಬೆಲೆಗೆ ಮಾರಲು ನೋಂದಣಿ ಬೇಕು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಬೇಕು. ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದ್ ಸೇರಿದ ತಂದೆತಾಯಿಯ ಮುಖವನ್ನು ತಾಂಡಾದಲ್ಲಿ ಅಜ್ಜಿಯ ಬಳಿ ಉಳಿದ ಮಗು ಕಾಣುವುದೂ ಈ ತೆರೆಯ ಮೇಲೆಯೇ. ಅಂತರ್ಜಾಲವನ್ನು ಪಟ್ಟಣದವರ ಷೋಕಿಯೆಂದು ತಳ್ಳಿಹಾಕುವ ಕಾಲ ಮಲೆನಾಡಿನಲ್ಲೂ ಉಳಿದಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಮಗಳು ಪಾಠ ಕೇಳುತ್ತಿದ್ದರೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿದೆ.

ಸೇಡಂ ಸೀಮೆಯ ತೊಡಕು ಮಲೆನಾಡಿನದಕ್ಕೆ ತಿರುಗುಮುರುಗು. ಇಲ್ಲಿ ಹಂಚಿನ ಸೂರು ತರಂಗಗಳನ್ನು ಒಳಬಿಡುತ್ತದೆ, ಆದರೆ ಗೋಪುರಕ್ಕೂ ಮನೆಗೂ ನಡುವೆ ಗುಡ್ಡ ಅಡ್ಡ. ಅಲ್ಲಿ ನೆಲ ಸಮತಟ್ಟು, ಗೋಪುರ ದೂರದಿಂದಲೇ ಕಾಣುತ್ತದೆ, ಆದರೆ ಹೊಸ್ತಿಲು ದಾಟಿದೊಡನೆ ಒಂದೂವರೆ ಅಡಿಯ ಕಲ್ಲುಗೋಡೆ ತರಂಗವನ್ನು ನುಂಗುತ್ತದೆ. ಮಣ್ಣಿನ ಗೋಡೆ ತೇವವಿದ್ದರೆ ಇನ್ನೂ ಹೆಚ್ಚು ನುಂಗುತ್ತದೆ. ತಗಡಿನ ಸೂರು ಅದನ್ನು ಹಿಂದಕ್ಕೇ ತಿರುಗಿಸುತ್ತದೆ. ತಂಪು ಕೊಡುವ ಗೋಡೆಯೇ ಮೊಬೈಲನ್ನು ಮೂಕವಾಗಿಸುವುದರಿಂದ ಮಣ್ಣಿನ ಮನೆ ಬೇಡವೆನ್ನುವ ಯುವಕರೂ ಇದ್ದಾರು. ಗೋಡೆಯನ್ನು ತೆಳ್ಳಗೆ ಮಾಡುವುದು ಇದಕ್ಕೆ ಮದ್ದಲ್ಲ. ಮನೆಯವರೆಗೆ ತಂತಿಯಲ್ಲಿ ತಂದು, ಒಳಗೆ ಹಂಚಿಕೊಳ್ಳುವುದೇ ಮದ್ದು.

ತಂತಿಯೆಂದರೆ ಆಪ್ಟಿಕಲ್ ಫೈಬರ್. 2011ರಲ್ಲಿ ಮಂಜೂರಾದ ರಾಷ್ಟ್ರೀಯ ಜಾಲವೇ ಮುಂದೆ ಭಾರತ್‌ನೆಟ್ ಆಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವುದು ಅದರ ಗುರಿ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಮುಂದಿನ ಹಂತ ಪಂಚಾಯಿತಿಯಾಚೆಯ ಹಳ್ಳಿಗಳನ್ನೂ, ಹಾಳಾದ ತಂತಿಯ ದುರಸ್ತಿಯನ್ನೂ ಸೇರಿಸಿಕೊಂಡಿತು. ಪಂಚಾಯಿತಿ ಕಚೇರಿಯ ಗೋಡೆಯವರೆಗೆ ಬಂದ ಎಳೆ ಅಲ್ಲಿಂದ ಮನೆಗೆ ಬರಬೇಕಾದರೆ ಊರಿನವರು ಕೇಳಬೇಕು. ಒಬ್ಬರು ಕೇಳಿದರೆ ಸಾಲದು, ಇಪ್ಪತ್ತು ಮನೆಯವರು ಒಟ್ಟಾಗಿ ಕೇಳಬೇಕು. ತಾಮ್ರದ ತಂತಿಯಂತೆ ಗಾಜಿನ ಎಳೆ ಸಿಡಿಲನ್ನು ಹೊತ್ತು ತರುವುದಿಲ್ಲ. ಮಳೆಗಾಲಕ್ಕೆ ಮುನ್ನ ಗುಡುಗುವ ಸೀಮೆಗೆ ಇದೊಂದು ದೊಡ್ಡ ಅನುಕೂಲ, ಮಲೆನಾಡಿಗಂತೂ ಇನ್ನೂ ದೊಡ್ಡದು. ಅದರ ಶತ್ರುಗಳು ಬೇರೆ: ರಸ್ತೆ ಅಗೆಯುವ ಯಂತ್ರ, ಇಲಿ, ಮುರಿದು ಬೀಳುವ ಕೊಂಬೆ.

ದೂರದ ತಾಂಡಾಕ್ಕೆ ಎಳೆ ಬರುವುದು ತಡವಾಗುವುದಾದರೆ ಎರಡು ಕಂಬಗಳ ನಡುವೆ ನಿಸ್ತಂತು ಕೊಂಡಿ ಹಾಕಬಹುದು. ಒಂದು ಕಂಬದಿಂದ ಇನ್ನೊಂದು ನೇರವಾಗಿ ಕಾಣುತ್ತಿರಬೇಕು, ಅಷ್ಟೇ. ಹಿಮಾಲಯದ ತಪ್ಪಲಿನ ಧರ್ಮಶಾಲೆಯಲ್ಲಿ 2005ರ ಸುಮಾರಿಗೆ 'ಏರ್‌ಜಾಲ್ದಿ' ಎಂಬ ಜಾಲ ಬೆಳೆದದ್ದು ಹೀಗೆಯೇ. ಅಲ್ಲಿ ಬೆಟ್ಟದ ತಲೆಗಳೇ ಕಂಬಗಳಾದವು. ಮಲೆನಾಡಿಗೂ ಈ ಪಾಠ ಹೊಂದುತ್ತದೆ. 2020ರ ಡಿಸೆಂಬರಿನಲ್ಲಿ ಬಂದ ಪಿಎಂ-ವಾಣಿ ವ್ಯವಸ್ಥೆಯಲ್ಲಿ ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ನೀಡಬಹುದು. ಮನೆಮನೆಗೆ ಸಂಪರ್ಕ ಕೊಳ್ಳಲಾಗದ ಕಡೆ ಶಾಲೆಯ ಪಕ್ಕದಲ್ಲೊಂದು ಇಂತಹ ಜಾಗವಿದ್ದರೂ ಮಕ್ಕಳ ಕೆಲಸ ಸಾಗುತ್ತದೆ. ಸೇವೆ ಆಯುವಾಗ ಜಾಹೀರಾತಿನ ವೇಗ ನೋಡುವುದಕ್ಕಿಂತ, ತಂತಿ ತುಂಡಾದರೆ ಜೋಡಿಸುವ ವ್ಯಕ್ತಿ ಎಷ್ಟು ದೂರದಲ್ಲಿದ್ದಾನೆಂದು ಕೇಳುವುದು ಮುಖ್ಯ. ಸೇಡಮ್ಮಿನಲ್ಲಿದ್ದರೆ ಒಂದು ದಿನ, ಕಲಬುರಗಿಯಲ್ಲಿದ್ದರೆ ಒಂದು ವಾರ.

ಕಟ್ಟುವ ಹೊತ್ತಿಗೇ ಮಾಡಬೇಕಾದ ಕೆಲಸಗಳು ಕೆಲವಿವೆ. ಕಲ್ಲುಗೋಡೆಯನ್ನು ಆಮೇಲೆ ಕೊರೆಯುವುದು ಕಷ್ಟ, ಅಡ್ಡಗಲ್ಲು ಸಡಿಲವಾದರೆ ಅಪಾಯವೂ ಹೌದು. ಆದುದರಿಂದ ಗೋಡೆ ಏಳುವಾಗಲೇ ಒಂದು ಅಂಗುಲದ ಕೊಳವೆಯನ್ನು, ಮಳೆನೀರು ಒಳಗಿಳಿಯದಂತೆ ಹೊರಬದಿಗೆ ತುಸು ಬಾಗಿಸಿ, ಇಟ್ಟುಬಿಡಬೇಕು. ಎಳೆ ಹಾಯ್ದ ಮೇಲೆ ಬಾಯಿಗೆ ಸುಣ್ಣದ ಗಾರೆ ತುಂಬಿದರೆ ಇಲಿ ಬಾರದು. ಕೋಣೆಯಿಂದ ಕೋಣೆಗೂ ಹೀಗೆಯೇ ಒಂದೊಂದು ಕೊಳವೆ ಬೇಕು, ಏಕೆಂದರೆ ಒಳಗೋಡೆಯೂ ವೈಫೈಯನ್ನು ತಡೆಯುತ್ತದೆ. ರೂಟರನ್ನು ಮೂಲೆಯ ಗೂಡಿನಲ್ಲಿ ಬಚ್ಚಿಡದೆ ಪಡಸಾಲೆಯ ನಡುವೆ, ಬಾಗಿಲುಗಳು ಎದುರಾಗುವ ಕಡೆ ಇಡಬೇಕು. ಎರಡು ಬಗೆಯ ತರಂಗಗಳಿರುವ ಯಂತ್ರದಲ್ಲಿ 2.4 ಗಿಗಾಹರ್ಟ್ಸ್‌ನದು ಗೋಡೆಯನ್ನು ಹೆಚ್ಚು ದಾಟುತ್ತದೆ, 5ರದು ವೇಗವಾಗಿದ್ದರೂ ಕೋಣೆಯೊಳಗೇ ಉಳಿಯುತ್ತದೆ. ಈ ಯಂತ್ರಗಳು ಬೇಡುವ ವಿದ್ಯುತ್ತು ಹತ್ತು ಹದಿನೈದು ವ್ಯಾಟ್ ಮಾತ್ರ. ದೊಡ್ಡ ಇನ್ವರ್ಟರ್ ಬೇಕಿಲ್ಲ. 12 ವೋಲ್ಟಿನ ಚಿಕ್ಕ ಬ್ಯಾಟರಿ, ಸಾಧ್ಯವಾದರೆ ಸುಣ್ಣ ಬಳಿದ ಮಾಳಿಗೆಯ ಮೇಲೊಂದು ಸೌರಫಲಕ, ಕರೆಂಟು ಹೋದ ಸಂಜೆಯನ್ನು ದಾಟಿಸುತ್ತವೆ. ಫಲಕಕ್ಕೂ ನಿಸ್ತಂತು ಕಂಬಕ್ಕೂ ನೆಲಸಂಪರ್ಕ ಕೊಡುವುದನ್ನು ಮರೆಯಬಾರದು. ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುವುದರಿಂದ ಆ ಗುಂಡಿಗೆ ವಾರಕ್ಕೊಮ್ಮೆ ನೀರೆರೆಯಬೇಕು.